ಐದಾರು ವರ್ಷ ಕೈಕೊಡದ ಕಂಪ್ಯೂಟರ್ ಬೇಕು, ಏನೇನು ಆರಿಸಲಿ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಲ್ಲೇ ಕೂತು ಹತ್ತಿಪ್ಪತ್ತು ಅಂಗಡಿಗಳ ಲೆಕ್ಕ, ಜಿಎಸ್‌ಟಿ ಕೆಲಸ ಮಾಡುತ್ತೇನೆ. ಟ್ಯಾಲಿ, ಎಕ್ಸೆಲ್, ಬ್ರೌಸರ್, ಪ್ರಿಂಟರ್ ಇಷ್ಟೇ. ಹತ್ತು ವರ್ಷದ ಹಳೆಯ ಕಂಪ್ಯೂಟರ್ ಈಗ ದಿನಕ್ಕೆ ಒಂದೆರಡು ಸಲ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಹೋದ ತಿಂಗಳು 20ನೇ ತಾರೀಖು ರಿಟರ್ನ್ ಹಾಕುವಾಗಲೇ ಎರಡು ಸಲ ಕೈಕೊಟ್ಟಿತು. ಬಿಡಿಭಾಗ ತಂದು ಹೊಸದು ಜೋಡಿಸಬೇಕು ಅಂತಿದ್ದೇನೆ. ಅಂಗಡಿಯವರು ಐ7 ಹಾಕಿ, ಗ್ರಾಫಿಕ್ಸ್ ಕಾರ್ಡ್ ಹಾಕಿ, ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬರುತ್ತದೆ ಅಂದರು. ನನಗೆ ವೇಗ ಮುಖ್ಯವಲ್ಲ, ಐದಾರು ವರ್ಷ ತಂಟೆ ಮಾಡಬಾರದು. ಏನೇನು ಆರಿಸಲಿ?

ಉತ್ತರ: ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತದ್ದು ಒಂದೇ ಮಾತಿನ ಮೇಲೆ. 'ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬರುತ್ತದೆ.' ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ. ಇಪ್ಪತ್ತು ವರ್ಷದಿಂದ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಕಂಪ್ಯೂಟರ್ ಜೋಡಿಸುತ್ತಾ, ರಿಪೇರಿ ಮಾಡುತ್ತಾ ಬಂದಿದ್ದೇನೆ. ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ ಅಂತ ನನ್ನ ಮೇಜಿಗೆ ಬಂದ ಯಂತ್ರಗಳಲ್ಲಿ ಪ್ರೊಸೆಸರ್ ಕೆಟ್ಟಿದ್ದು ಬೆರಳೆಣಿಕೆಯಷ್ಟು. ಹೆಚ್ಚಿನವುಗಳಲ್ಲಿ ತೊಂದರೆ ಇದ್ದದ್ದು ಕರೆಂಟ್ ಬರುವ ದಾರಿಯಲ್ಲಿ. ಆದ್ದರಿಂದ ಗೋಡೆಯ ಸಾಕೆಟ್‌ನಿಂದ ಶುರು ಮಾಡಿ ಒಳಕ್ಕೆ ಹೋಗೋಣ. ದುಡ್ಡನ್ನೂ ಅದೇ ಕ್ರಮದಲ್ಲಿ ಹಾಕಿ.

ಒಂದು ಸಂಗತಿ ಹೇಳುತ್ತೇನೆ. ಚಿತ್ರದುರ್ಗದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಅವರ ಕಂಪ್ಯೂಟರ್ ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿತ್ತು, ಹನ್ನೊಂದರ ಮೇಲೆ ರೀಸ್ಟಾರ್ಟ್ ಆಗಲು ಶುರು. ವಿಂಡೋಸ್ ಹೊಸದಾಗಿ ಹಾಕಿಸಿದ್ದರು, ರ‍್ಯಾಮ್ ಬದಲಿಸಿದ್ದರು, ಕೊನೆಗೆ ಮದರ್‌ಬೋರ್ಡೂ ಬದಲಾಗಿತ್ತು. ನಾನು ಹೋದಾಗ ಯಂತ್ರ ಬಿಚ್ಚಲಿಲ್ಲ, ಸಾಕೆಟ್‌ಗೆ ಮಲ್ಟಿಮೀಟರ್ ಇಟ್ಟು ಕೂತೆ. 228 ವೋಲ್ಟ್ ತೋರಿಸುತ್ತಿತ್ತು. ಹಿಂದಿನ ಗೋಡೆಯ ಆಚೆ ಹಿಟ್ಟಿನ ಗಿರಣಿ ಇತ್ತು. ಅದರ ಮೋಟಾರ್ 'ಗುಂಯ್' ಅಂತ ಎದ್ದ ಕ್ಷಣ ಮೀಟರಿನ ಅಂಕಿ 170ಕ್ಕೆ ಬಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಏರಿತು. ಟ್ಯೂಬ್‌ಲೈಟ್ ಒಂದು ಸಲ ಮಿಣುಕಿತು, ಅಷ್ಟೇ. ಕಂಪ್ಯೂಟರ್ ಮಾತ್ರ ಕಪ್ಪಾಗಿ ಮತ್ತೆ ಶುರುವಾಯಿತು. ಅದರಲ್ಲಿದ್ದದ್ದು ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್. ಒಳ್ಳೆಯ ಎಸ್‌ಎಂಪಿಎಸ್ ಹಾಕಿ, ಒಂದು ಯುಪಿಎಸ್ ಇಟ್ಟೆವು. ಅದೇ ಹಳೆಯ ಯಂತ್ರ ಆಮೇಲೆ ವರ್ಷಗಟ್ಟಲೆ ನಡೆಯಿತು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ, ನಿಮ್ಮ ಮೇಜಿನ ಸಾಕೆಟ್ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್ ಬರಬೇಕು. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟಿಗಿಂತ ಜಾಸ್ತಿ ಬಂದರೆ ವೈರಿಂಗ್ ನೋಡಿಸಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೇಲಿನ ದಪ್ಪ ಪಿನ್ನಿನ ಹಿಂದೆ ವೈರೇ ಇರುವುದಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಹಿಂಭಾಗ ಮುಟ್ಟಿದಾಗ ಜುಮ್ ಅನ್ನಿಸುತ್ತದೆಯಾ? ಹಾಗಾದರೆ ಅರ್ತ್ ಇಲ್ಲ ಅಂತಲೇ ಅರ್ಥ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸುವ, ಚಾರ್ಜ್ ಹಿಡಿದಿಡುವ ಸಣ್ಣ ಭಾಗಗಳು, ಅಂದರೆ ಕೆಪಾಸಿಟರ್‌ಗಳು ಇರುತ್ತವೆ. ಅವು ಸೋಸಿದ್ದನ್ನು ಅರ್ತ್ ವೈರಿಗೆ ಬಿಡುತ್ತವೆ. ಅರ್ತ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೈಮೇಲೆಯೇ ನಿಲ್ಲುತ್ತದೆ. ಆ ಕರೆಂಟ್ ತೀರಾ ಕಡಿಮೆ, ಆದರೆ ಯುಎಸ್‌ಬಿ, ಪ್ರಿಂಟರ್ ಕೇಬಲ್ ಚುಚ್ಚುವಾಗ ಪೋರ್ಟ್ ಸುಡಲು ಸಾಕು. ಅರ್ತ್ ಸರಿ ಮಾಡಿಸದೆ ಎಷ್ಟು ದುಬಾರಿ ಯಂತ್ರ ತಂದರೂ ಪ್ರಯೋಜನ ಇಲ್ಲ.

ಇನ್ನು ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಬರುವುದನ್ನು ಕೈಯಲ್ಲಿ ಹಿಡಿದು ನೋಡಿ, ಒಳ್ಳೆಯ ಕಂಪನಿಯ ಬಿಡಿ ಎಸ್‌ಎಂಪಿಎಸ್ ಇನ್ನೊಂದು ಕೈಯಲ್ಲಿ ಹಿಡಿಯಿರಿ. ತೂಕವೇ ಅರ್ಧ ಕಥೆ ಹೇಳುತ್ತದೆ. ಅಗ್ಗದ್ದರ ಮೇಲೆ 450 ವ್ಯಾಟ್ ಅಂತ ಸ್ಟಿಕ್ಕರ್ ಇರುತ್ತದೆ, ಒಳಗೆ ಅಷ್ಟು ತಡೆಯುವ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್ ಇರುವುದಿಲ್ಲ. ಸ್ಟಿಕ್ಕರಿನಲ್ಲಿ 12 ವೋಲ್ಟ್ ಸಾಲಿಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ, ಅದನ್ನು 12ರಿಂದ ಗುಣಿಸಿ. ಈಗಿನ ಕಂಪ್ಯೂಟರ್ ತನಗೆ ಬೇಕಾದ ಶಕ್ತಿಯನ್ನು ಹೆಚ್ಚಾಗಿ ಆ ಸಾಲಿನಿಂದಲೇ ಎಳೆಯುತ್ತದೆ. ಗುಣಿಸಿದಾಗ ಬಂದದ್ದು ದೊಡ್ಡದಾಗಿ ಬರೆದ ವ್ಯಾಟಿಗಿಂತ ತೀರಾ ಕಡಿಮೆ ಇದ್ದರೆ ಅದನ್ನು ಅಲ್ಲೇ ಬಿಡಿ.

ನಿಮ್ಮ ಕೆಲಸಕ್ಕೆ ಯಂತ್ರ ಎಳೆಯುವುದು ನೂರು ವ್ಯಾಟ್ ಆಸುಪಾಸು. ಆದರೂ 450ರಿಂದ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಅಥವಾ ಗೋಲ್ಡ್ ಗುರುತಿನ, ಕನಿಷ್ಠ ಐದು ವರ್ಷ ವಾರಂಟಿಯ ಎಸ್‌ಎಂಪಿಎಸ್ ತೆಗೆದುಕೊಳ್ಳಿ ಅಂತೀನಿ. ಅಷ್ಟು ವ್ಯಾಟ್ ನಿಮಗೆ ಬೇಡ, ನಿಜ. ಆದರೆ ಚೆನ್ನಾಗಿ ಕಟ್ಟಿದ ಎಸ್‌ಎಂಪಿಎಸ್‌ಗಳು ಶುರುವಾಗುವುದೇ ಆ ಅಳತೆಯಿಂದ. 80 ಪ್ಲಸ್ ಅನ್ನುವುದು ಕರೆಂಟ್ ಎಷ್ಟು ಪೋಲಾಗದೆ ಒಳಗೆ ಹೋಗುತ್ತದೆ ಅನ್ನುವುದರ ಗುರುತು ಮಾತ್ರ. ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ, ಕಾವು ಏರಿದಾಗ ತಾನೇ ಆಫ್ ಆಗಿ ಉಳಿದವನ್ನು ಕಾಪಾಡುವ ರಕ್ಷಣೆ ಇದೆಯಾ ಅಂತ ಡಬ್ಬಿ ಮೇಲೆ ಬೇರೆಯಾಗಿ ನೋಡಬೇಕು. ಒಳಗಿನ ಕೆಪಾಸಿಟರ್ 105 ಡಿಗ್ರಿಯದ್ದಾ ಅಂತಲೂ ನೋಡಿ, 85ರದ್ದು ನಮ್ಮ ಬಿಸಿಲಿಗೆ ಬೇಡ. ಈ ಕೆಪಾಸಿಟರ್‌ಗಳಿಗೆ ಒಂದು ಲೆಕ್ಕ ಇದೆ, ಕಾವು 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಏಪ್ರಿಲ್‌ನಲ್ಲಿ 38-39 ಡಿಗ್ರಿ ಮುಟ್ಟುವ ಊರಲ್ಲಿ, ಶೀಟಿನ ಮನೆಯಾಗಿದ್ದರಂತೂ ಇದು ಸಣ್ಣ ಮಾತಲ್ಲ.

ಕರೆಂಟ್ ಹೋದಾಗ ಒಳ್ಳೆಯ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್ ಬಲದಿಂದ ಸುಮಾರು 16 ಮಿಲಿಸೆಕೆಂಡ್ ಯಂತ್ರವನ್ನು ಹಿಡಿದಿಡುತ್ತದೆ. ಯುಪಿಎಸ್ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವುದು ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ಒಳಗೆ. ಎರಡೂ ಸರಿ ಇದ್ದರೆ ನಿಮಗೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ಎಸ್‌ಎಂಪಿಎಸ್ ಕಳಪೆಯಾಗಿದ್ದು ಐದಾರು ಮಿಲಿಸೆಕೆಂಡಿಗೇ ಸುಸ್ತಾದರೆ, ಯುಪಿಎಸ್ ಇದ್ದೂ ಕಂಪ್ಯೂಟರ್ ಆಫ್ ಆಗುತ್ತದೆ. 'ಯುಪಿಎಸ್ ಹೊಸದು ಸಾರ್, ಆದ್ರೂ ಆಫ್ ಆಗುತ್ತೆ' ಅಂತ ಬರುವವರ ಮನೆಯಲ್ಲಿ ಬಹುತೇಕ ಇದೇ ಕಥೆ.

ಯುಪಿಎಸ್ ಲೈನ್ ಇಂಟರ್‌ಆಕ್ಟಿವ್ ಆಗಿರಲಿ. ಅದರಲ್ಲಿ ವೋಲ್ಟೇಜ್ ಏರಿಳಿತವನ್ನು ಬ್ಯಾಟರಿ ಮುಟ್ಟದೆಯೇ ಸರಿ ಮಾಡುವ ಏರ್ಪಾಡು ಇರುತ್ತದೆ. 600 ವಿಎ ಅಂದರೆ 600 ವ್ಯಾಟ್ ಅಲ್ಲ, ಸುಮಾರು 360 ವ್ಯಾಟ್. ನಿಮ್ಮ ಯಂತ್ರ, ಮಾನಿಟರ್, ಇಂಟರ್‌ನೆಟ್ ರೂಟರ್ ಮೂರಕ್ಕೂ ಅದು ಸಾಕು. ರೂಟರ್ ಮರೆಯಬೇಡಿ, ಪೋರ್ಟಲ್‌ನಲ್ಲಿ ಸಬ್‌ಮಿಟ್ ಒತ್ತಿದ ಕ್ಷಣ ನೆಟ್ ಹೋದರೂ ಅಷ್ಟೇ ಕಷ್ಟ ಅಲ್ವಾ? ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಹಾಕಲೇಬೇಡಿ. ಅದು ಕಾಗದ ಬಿಸಿ ಮಾಡುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಕುಸಿಯುತ್ತದೆ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ, ಅದು ಸಹಜ, ಬದಲಿಸಬೇಕು. ಮನೆಗೆ ದೊಡ್ಡ ಇನ್ವರ್ಟರ್ ಇದ್ದರೆ ಅದರ ಹಿಂದೆ ಒಂದು ಸ್ವಿಚ್ ಇದೆಯಾ ನೋಡಿ. ಅದನ್ನು ಯುಪಿಎಸ್ ಕಡೆಗೆ ಇಟ್ಟರೆ ಬದಲಾವಣೆ ಬೇಗ ಆಗುತ್ತದೆ. ನಾರ್ಮಲ್ ಕಡೆಗಿದ್ದರೆ ಫ್ಯಾನಿಗೆ ಪರವಾಗಿಲ್ಲ, ಕಂಪ್ಯೂಟರ್ ತಡೆಯುವುದಿಲ್ಲ.

ಅರ್ಧ ಉತ್ತರ ಕರೆಂಟಿಗೇ ಹೋಯಿತು. ಆದರೆ ನಿಮ್ಮ ನೆಮ್ಮದಿ ಹೆಚ್ಚು ನಿಂತಿರುವುದು ಅಲ್ಲೇ.

ಪ್ರೊಸೆಸರ್ ವಿಚಾರ ಬೇಗ ಮುಗಿಸಬಹುದು. ನಿಮ್ಮ ಕೆಲಸಕ್ಕೆ ಐ7 ಬೇಡ. ಇಂಟೆಲ್‌ನಲ್ಲಿ ಐ5-12400 ಸಿಕ್ಕರೆ ಅದು, ಇಲ್ಲವೇ ಐ5-14400. ಎಎಂಡಿಯಲ್ಲಾದರೆ ರೈಜನ್ 5 7600. ಯಾವುದಾದರೂ ಆರು ವರ್ಷಕ್ಕೆ ಸಾಲುತ್ತದೆ. ಬಜೆಟ್ ಬಿಗಿಯಿದ್ದರೆ ಐ3 ಹಾಕಿ ಉಳಿದದ್ದನ್ನು ಎಸ್‌ಎಂಪಿಎಸ್‌ಗೆ ಹಾಕಿ, ನಾನೇನೂ ಬೇಡ ಅನ್ನುವುದಿಲ್ಲ. ಇಂಟೆಲ್ ತರುವಾಗ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇಲ್ಲದ್ದನ್ನು ತನ್ನಿ. 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಆಗ ಕಾರ್ಡ್ ಬೇಕೇ ಬೇಕು. ನಿಮಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಖಂಡಿತ ಬೇಡ. ಟ್ಯಾಲಿಗೆ ಅದರಿಂದ ಏನೂ ಲಾಭವಿಲ್ಲ. ಸುಮ್ನೆ ಇನ್ನೊಂದು ಫ್ಯಾನು, ಇನ್ನಷ್ಟು ಕಾವು, ಕೆಡಲು ಇನ್ನೊಂದು ಭಾಗ.

ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಗಟ್ಟಿ ಅಂತ ನಂಬುವವರಿಗಾಗಿ ಒಂದು ವಿಷಯ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು, ಐ7, ಐ9 ಮತ್ತು 'ಕೆ' ಅಕ್ಷರದ ಐ5ಗಳು, ಕಾರಣವಿಲ್ಲದೆ ಕ್ರ್ಯಾಶ್ ಆಗುತ್ತಿದ್ದವು. ಅವು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಎಳೆದುಕೊಂಡು ನಿಧಾನವಾಗಿ ಸವೆಯುತ್ತಿವೆ ಅಂತ 2024ರ ಜುಲೈನಲ್ಲಿ ಕಂಪನಿಯೇ ಹೇಳಿತು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಮೂಲಕ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ ಐದು ವರ್ಷ ಮಾಡಿತು. ಆಗಲೇ ಸವೆದ ಪ್ರೊಸೆಸರ್ ತಿದ್ದುಪಡಿಯಿಂದ ವಾಪಸ್ ಸರಿಯಾಗುವುದಿಲ್ಲ. ನಿಮ್ಮ ಅಂಗಡಿಯವರು ಹೇಳಿದ ಐ7 ಆ ತಲೆಮಾರಿನದ್ದೇ ಆಗಿದ್ದರೆ, ವಿಶೇಷವಾಗಿ ಬಳಸಿದ್ದು ಕಡಿಮೆ ಬೆಲೆಗೆ ಸಿಗುತ್ತದೆ ಅಂದರೆ, ಕೈಹಾಕಬೇಡಿ. ನಾನು ಹೇಳಿದ ಎರಡು ಐ5ಗಳು ಆ ವಾರಂಟಿ ಪಟ್ಟಿಯಲ್ಲಿ ಇಲ್ಲ. ಯಾವ ಬೋರ್ಡ್ ತಂದರೂ ಮೊದಲ ದಿನವೇ ಬಯೋಸ್ ಹೊಸದು ಮಾಡಿಸಿ, ಯುಪಿಎಸ್ ಮೇಲೆ ಇಟ್ಟುಕೊಂಡೇ ಮಾಡಿಸಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು.

ಮದರ್‌ಬೋರ್ಡ್ ಇಂಟೆಲ್‌ಗೆ ಬಿ760, ಎಎಂಡಿಗೆ ಬಿ650 ಸಾಕು. ಪ್ರೊಸೆಸರ್ ಪಕ್ಕದ ಸಣ್ಣ ಚೌಕದ ಭಾಗಗಳ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂತಿರಬೇಕು. 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟ್ ಆಸುಪಾಸಿಗೆ ಇಳಿಸುವುದು ಅವೇ, ಬಿಸಿಯಾಗುವುದೂ ಅವೇ. ಎಚ್610 ಬೋರ್ಡ್ ನಡೆಯುವುದಿಲ್ಲ ಅಂತಲ್ಲ. ಆದರೆ ಅದರಲ್ಲಿ ರ‍್ಯಾಮ್‌ಗೆ ಎರಡೇ ಜಾಗ, ಹೀಟ್‌ಸಿಂಕ್ ಹಲವು ಸಲ ಇರುವುದಿಲ್ಲ. ಬಯೋಸ್‌ನಲ್ಲಿ 'ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗು' ಅನ್ನುವ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿ. ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡುವಾಗ ಯಂತ್ರ ಪ್ರತಿ ಸಲ ಎದ್ದು ಬೀಳುವುದು ತಪ್ಪುತ್ತದೆ.

ರ‍್ಯಾಮ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕರೆಂಟ್ ಬಿಟ್ಟರೆ ಕಾಟ ಕೊಡುವುದು ಇದೇ. ಕೆಟ್ಟ ರ‍್ಯಾಮ್ ಸುಮ್ಮನೆ ಕೆಡುವುದಿಲ್ಲ. ಒಂದು ದಿನ ನೀಲಿ ಪರದೆ, ಮರುದಿನ ಎಕ್ಸೆಲ್ ಮುಚ್ಚಿಕೊಳ್ಳುತ್ತದೆ, ಇನ್ನೊಂದು ದಿನ ಫೈಲ್ ತೆರೆಯುವುದಿಲ್ಲ. ಬೈಗುಳ ಮಾತ್ರ ವಿಂಡೋಸ್‌ಗೆ. 16 ಜಿಬಿ ಸಾಕು. ಒಂದೇ ಪ್ಯಾಕೆಟ್‌ನಲ್ಲಿ ಜೋಡಿಯಾಗಿ ಬರುವ ಎರಡು 8 ಜಿಬಿ ಕಡ್ಡಿ ತನ್ನಿ. ಹಳೆಯದಕ್ಕೆ ಹೊಸದು ಸೇರಿಸುವುದು, ಎರಡು ಕಂಪನಿ ಬೆರೆಸುವುದು ಬೇಡ. ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಬೋರ್ಡ್‌ನೊಂದಿಗೆ ಪರೀಕ್ಷೆ ಮಾಡಿದ ರ‍್ಯಾಮ್‌ಗಳ ಪಟ್ಟಿ ಇರುತ್ತದೆ, ಅದರಲ್ಲಿ ಇರುವುದನ್ನೇ ಕೇಳಿ. ಡಬ್ಬಿ ಮೇಲಿನ ದೊಡ್ಡ ವೇಗದ ಅಂಕಿಗೆ ಮರುಳಾಗಬೇಡಿ. ಎಕ್ಸ್‌ಎಂಪಿ, ಎಕ್ಸ್‌ಪೋ ಅಂತ ಬಯೋಸ್‌ನಲ್ಲಿ ಆನ್ ಮಾಡಿ ಪಡೆಯುವ ಆ ವೇಗ ನಿಗದಿತ ಮಟ್ಟಕ್ಕಿಂತ ಮೇಲಕ್ಕೆ ಓಡಿಸುವುದು. ಲೆಕ್ಕ ಬರೆಯುವ ಯಂತ್ರಕ್ಕೆ ಅದು ಬೇಡ, ರ‍್ಯಾಮಿನ ತಲೆಮಾರು ಡಿಡಿಆರ್4 ಆದರೆ 3200, ಡಿಡಿಆರ್5 ಆದರೆ 4800 ಅಥವಾ 5600ರಲ್ಲಿ ಬಿಡಿ. ಇನ್ನೊಂದು ಮಾತು, ಡಿಡಿಆರ್5 ಹಾಕಿದ ಹೊಸ ಯಂತ್ರ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಅದು ರ‍್ಯಾಮ್ ಜೊತೆ ಹೊಂದಿಕೊಳ್ಳುವ ಹೊತ್ತು. ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಕಾಫಿ ಕುಡಿದು ಬನ್ನಿ.

ಯಂತ್ರ ಮನೆಗೆ ಬಂದ ಮೊದಲ ರಾತ್ರಿ ವಿಂಡೋಸ್ ಹಾಕುವ ಮೊದಲೇ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ) ಓಡಿಸಿ ಮಲಗಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ರ‍್ಯಾಮ್ ವಾಪಸ್. 'ಒಂದೇ ಅಲ್ವಾ' ಅಂತ ಅಂಗಡಿಯವರು ಅಂದರೂ ಒಪ್ಪಬೇಡಿ, ಸರಿಯಾದ ಅಂಕಿ ಸೊನ್ನೆ.

ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ, ಐದು ವರ್ಷ ವಾರಂಟಿಯದ್ದು. ಫೈಲ್‌ಗಳೆಲ್ಲ ಕೂರುವ ಈ ಡಿಸ್ಕ್ ನೇರ ಬೋರ್ಡಿಗೇ ಚುಚ್ಚಿಕೊಳ್ಳುತ್ತದೆ. ಟಿಎಲ್‌ಸಿ ಇರಲಿ, ಕ್ಯೂಎಲ್‌ಸಿ ಬೇಡ. ಟಿಎಲ್‌ಸಿ ಒಂದು ಕೋಶದಲ್ಲಿ ಮೂರು ಬಿಟ್ ಇಡುತ್ತದೆ, ಕ್ಯೂಎಲ್‌ಸಿ ನಾಲ್ಕು. ಜಾಸ್ತಿ ತುರುಕಿದಷ್ಟೂ ಬೇಗ ಸವೆಯುತ್ತದೆ. ಒಟ್ಟು ಎಷ್ಟು ಬರೆಯಬಹುದು ಅನ್ನುವ ಟಿಬಿಡಬ್ಲ್ಯೂ ಅಂಕಿ ಒಳ್ಳೆಯ 1 ಟಿಬಿಗೆ 600ರ ಆಸುಪಾಸು ಇರುತ್ತದೆ. ಆದರೆ ಎಂಥ ಎಸ್‌ಎಸ್‌ಡಿಯೂ ಒಂದು ದಿನ ಹೇಳದೆ ಕೇಳದೆ ಹೋಗಬಹುದು. ಬೇರೆಯವರ ಲೆಕ್ಕ ನಿಮ್ಮ ಕೈಯಲ್ಲಿದೆ. ದಿನ ಸಂಜೆ ಟ್ಯಾಲಿ ಬ್ಯಾಕಪ್ ಇನ್ನೊಂದು ಡಿಸ್ಕಿಗೆ ಹೋಗಬೇಕು, ವಾರಕ್ಕೊಮ್ಮೆ ಮನೆಯ ಹೊರಗೆ ಇಡುವ ಇನ್ನೊಂದಕ್ಕೆ. ಬ್ಯಾಕಪ್ ಆದ ಮೇಲೆ ಡಿಸ್ಕ್ ಬಿಚ್ಚಿ ಡ್ರಾಯರ್‌ಗೆ ಹಾಕಿ. ಚುಚ್ಚಿಯೇ ಇಟ್ಟ ಡಿಸ್ಕ್ ಸಿಡಿಲಿಗೂ ವೈರಸ್‌ಗೂ ಒಟ್ಟಿಗೇ ಹೋಗುತ್ತದೆ.

ಕ್ಯಾಬಿನೆಟ್ ಮುಂದೆ ಗಾಜು ಬೇಡ, ಜಾಲರಿ ಇರಲಿ. ಅದರ ಹಿಂದೆ ಕೈಯಲ್ಲಿ ಎಳೆದು ತೊಳೆಯುವಂಥ ಧೂಳಿನ ಫಿಲ್ಟರ್ ಇರಲಿ. ಮುಂದೆ ಎರಡು ಫ್ಯಾನ್ ಗಾಳಿ ಒಳಗೆ ಎಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಒಳಗೆ ಬರುವುದು ಜಾಸ್ತಿ ಇದ್ದರೆ ಸಂದುಗಳಿಂದ ಧೂಳು ನುಗ್ಗುವುದಿಲ್ಲ. ಮಂಡಕ್ಕಿ ಭಟ್ಟಿಗಳ ಪಕ್ಕದ ಒಂದು ಅಂಗಡಿಯಿಂದ ಬಂದ ಕ್ಯಾಬಿನೆಟ್ ಬಿಚ್ಚಿದ್ದು ನನಗೆ ಈಗಲೂ ನೆನಪಿದೆ. ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಪ್ಪು ಮಸಿ ಕಂಬಳಿಯ ಹಾಗೆ ಕೂತಿತ್ತು, ಬ್ಲೋವರ್‌ಗೂ ಜಗ್ಗಲಿಲ್ಲ, ಬ್ರಷ್ ಹಿಡಿದು ಕೆರೆದು ತೆಗೆಯಬೇಕಾಯಿತು. ಚಿತ್ರದುರ್ಗದ ಗಾಳಿಯ ಧೂಳು ಒಣ, ಊದಿದರೆ ಹಾರುತ್ತದೆ. ಮಸಿ, ಒಗ್ಗರಣೆ ಹೊಗೆ ಹಾಗಲ್ಲ, ಅಂಟುತ್ತದೆ. ಅಡುಗೆಮನೆಗೆ ಹೊಂದಿದ ಕೋಣೆಯಾದರೆ ಯಂತ್ರವನ್ನು ಆಚೆ ಮೂಲೆಗೆ ಇಡಿ. ಎರಡು ತಿಂಗಳಿಗೊಮ್ಮೆ ಊದಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಬ್ಲೋವರ್ ಗಾಳಿಗೆ ವಿಪರೀತ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹಿಂದಿನ ಖಾಲಿ ಪಟ್ಟಿಗಳನ್ನು ತೆಗೆದು ಬಿಡಬೇಡಿ. ಅಲ್ಲಿಂದ ಹಲ್ಲಿ ನುಗ್ಗುತ್ತದೆ. ಬೆಚ್ಚಗಿರುವ ಎಸ್‌ಎಂಪಿಎಸ್ ಒಳಗೆ ಹೋಗಿ ಎರಡು ತುದಿಗೆ ಅಡ್ಡವಾಗಿ ಸತ್ತು ಬೋರ್ಡ್ ಸುಟ್ಟಿದ್ದನ್ನು ಒಂದಲ್ಲ, ಹಲವು ಸಲ ನೋಡಿದ್ದೇನೆ.

ನೀರಿನ ಕೂಲರ್ ಬೇಡ. ಪ್ರೊಸೆಸರ್ ಜೊತೆ ಬರುವ ಫ್ಯಾನೇ ನಿಮಗೆ ಸಾಕು. ಬೇರೆ ಕೂಲರ್ ಹಾಕಿಸಿದರೆ ಅದರ ತಳಕ್ಕೆ ಅಂಟಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿದ್ದಾರಾ ಅಂತ ಕಣ್ಣಾರೆ ನೋಡಿ. ಹೊಸ ಯಂತ್ರ ಹತ್ತೇ ನಿಮಿಷಕ್ಕೆ ಬಿಸಿಯಾಗಿ ಆಫ್ ಆಗುತ್ತದೆ ಅಂತ ಬಂದವರಲ್ಲಿ ಆ ಹಾಳೆ ಸಿಕ್ಕಿದ್ದುಂಟು. ಹಾಗೆಯೇ, ಹಳೆಯ ಎಸ್‌ಎಂಪಿಎಸ್‌ನ ಬಿಚ್ಚಿ ಹಾಕುವ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಲು ಬಿಡಬೇಡಿ. ತುದಿ ಒಂದೇ ತರಹ ಕಂಡರೂ ಒಳಗಿನ ವೈರ್ ಜೋಡಣೆ ಕಂಪನಿಗೊಂದು ಇರುತ್ತದೆ, ಡಿಸ್ಕ್ ಕ್ಷಣದಲ್ಲಿ ಸುಡುತ್ತದೆ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಿಗಬಹುದು. ಆದರೆ ಒಂದು ಭಾಗ ಕೆಟ್ಟರೆ 260 ಕಿಲೋಮೀಟರ್ ಹೋಗಿ ಬರಬೇಕು. ಎರಡು ಮೂರು ಸಾವಿರ ಜಾಸ್ತಿಯಾದರೂ ನಿಮ್ಮೂರಿನಲ್ಲೇ, ವಾರಂಟಿಗೆ ತಾವೇ ಕಳಿಸಿ ತರಿಸಿಕೊಡುವ ಅಂಗಡಿಯಲ್ಲಿ ತೆಗೆದುಕೊಳ್ಳಿ. ಬಿಲ್‌ನಲ್ಲಿ 'ಕಂಪ್ಯೂಟರ್ ಒಂದು' ಅಂತ ಬರೆಸಬೇಡಿ. ಪ್ರತಿ ಭಾಗದ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಬೇರೆ ಬೇರೆ ಸಾಲಿನಲ್ಲಿ ಬರಬೇಕು. ಲೆಕ್ಕ ಬರೆಯುವವರಿಗೆ ನಾನು ಹೇಳಬೇಕಾಗಿಲ್ಲ. ಡಬ್ಬಿಗಳನ್ನು ಅಟ್ಟದ ಮೇಲೆ ಇಡಿ.

ಈಗ ಹಳೆಯ ಯಂತ್ರ. ಅದರಲ್ಲಿ ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ರೀಸ್ಟಾರ್ಟ್ ಆದ ಹೊತ್ತಿನ ಸಾಲು ನೋಡಿ. 'ಕರ್ನಲ್ ಪವರ್ 41' ಅಂತ ಮಾತ್ರ ಇದ್ದು ನೀಲಿ ಪರದೆಯ ಗುರುತು ಇಲ್ಲದಿದ್ದರೆ, ಬಹುಮಟ್ಟಿಗೆ ಕರೆಂಟ್ ದಾರಿಯದ್ದೇ ತೊಂದರೆ. ಹಾಗಿದ್ದರೆ ಹೊಸದಕ್ಕಾಗಿ ಕೊಳ್ಳುವ ಯುಪಿಎಸ್ ಇವತ್ತೇ ತಂದು ಹಳೆಯದಕ್ಕೇ ಹಾಕಿ ನೋಡಿ. ರೀಸ್ಟಾರ್ಟ್ ಆಗುವುದು ನಿಂತರೂ ಯಂತ್ರ ಬದಲಿಸುವುದು ತಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹತ್ತು ವರ್ಷದ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಬೇರೆಯವರ ಪಾಸ್‌ವರ್ಡ್, ಡಿಜಿಟಲ್ ಸಹಿ ಇರುವ ಯಂತ್ರವನ್ನು ಹಾಗೆ ಬಿಡಬಾರದು. ಆದರೆ ನಿಧಾನವಾಗಿ ಆರಿಸಿ ಕೊಳ್ಳಲು ನಿಮಗೆ ಒಂದು ತಿಂಗಳ ಬಿಡುವು ಸಿಗುತ್ತದೆ.

ಹೊಸದು ಬಂದ ಮೇಲೆ 11ರ ರಿಟರ್ನಿಗೂ 20ರ ರಿಟರ್ನಿಗೂ ಮುಂಚೆ ಅವಸರದಲ್ಲಿ ಬದಲಾಯಿಸಬೇಡಿ. 21ನೇ ತಾರೀಖು ಟ್ಯಾಲಿ ಡೇಟಾ ಕಾಪಿ ಮಾಡಿ, ಎರಡೂ ಯಂತ್ರದಲ್ಲಿ ಎರಡು ಮೂರು ಪಾರ್ಟಿಗಳ ಬ್ಯಾಲೆನ್ಸ್ ತೆರೆದು ತಾಳೆ ನೋಡಿ. ಹಳೆಯದನ್ನು ಮುಂದಿನ 20 ದಾಟುವವರೆಗೆ ಪಕ್ಕದಲ್ಲೇ ಇಟ್ಟುಕೊಳ್ಳಿ.